ಗೇಣುದ್ದ ತಂತಿಯ ಹಟ

ಕೊಲಂಬಿಯಾದ ಕಾಲಿ ನಗರದಲ್ಲಿ ಎನೆಯ್ದಾಳ ಮನೆಯನ್ನು ಯಾರೂ ವಿಳಾಸ ಹಿಡಿದು ಹುಡುಕುತ್ತಿರಲಿಲ್ಲ. ಭಾನುವಾರ ಸಾಲ್ಸಾ ಹಾಡು ಕೇಳಿಬಂದ ಬಾಗಿಲಿಗೆ ಹೋದರಾಯಿತು. ಒಂಟಿ ಹೆಂಗಸು; ಹೊಲಿಗೆ ಯಂತ್ರ ತುಳಿದು ದುಡಿದದ್ದೆಲ್ಲ ರೆಕಾರ್ಡುಗಳಿಗೂ ಎರಡು ದೊಡ್ಡ ಸ್ಪೀಕರುಗಳಿಗೂ ಹೋಗಿತ್ತು. ಬಂದವರಿಗೆಲ್ಲ ಲುಲಾದಾ ಎಂಬ ಹುಳಿಹಣ್ಣಿನ ಶರಬತ್ತು ಕೊಡುವಳು, ಕುಣಿಯದೆ ಕೂತವರನ್ನು ಕೈಹಿಡಿದು ಎಬ್ಬಿಸುವಳು.

ಆ ವರ್ಷ, ಭಾನುವಾರಗಳಂದು ಅವಳ ಮನೆಯಲ್ಲೇ ಸೇರುತ್ತಿದ್ದ ರೆಕಾರ್ಡು ಸಂಗ್ರಾಹಕರ ಸಂಘಕ್ಕೆ ದೋನ್ ಲಿಸಿಮಾಕೊ ಅಧ್ಯಕ್ಷರಾದರು. ಬ್ಯಾಲೆನ್ಸ್ಡ್ ತಂತಿ ಇಲ್ಲದ ಮನೆಯಲ್ಲಿ ಸಂಘದ ಕೂಟ ಕೂಡದೆಂದು ನಿಯಮ ಮಾಡಿ, ಆ ಹೊಸ ತಂತಿಯ ಸುರುಳಿ ಹಿಡಿದು ಅವಳ ಮನೆಗೆ ತಾವೇ ಬಂದರು.

"ನೋಡಮ್ಮಾ, ಮಾಮೂಲಿ ತಂತಿ ಹೊರಗಿನ ಗುಂಯ್ ಸದ್ದನ್ನೆಲ್ಲ ಒಳಗೆ ಬಿಟ್ಕೊಳ್ಳುತ್ತೆ. ಇದ್ರಲ್ಲಿ ಅದು ತಾನಾಗೇ ಅಳಿಸಿಹೋಗುತ್ತೆ."

"ನನ್ನ ರೆಕಾರ್ಡು ಪೆಟ್ಟಿಗೆಗೂ ಆಂಪ್ಲಿಫೈಯರಿಗೂ ಮಧ್ಯ ಇರೋದು ಗೇಣುದ್ದ ತಂತಿ ಯಜಮಾನ್ರೇ. ಅಷ್ಟರೊಳಗೆ ಯಾವ ಸದ್ದು ನುಗ್ಗುತ್ತೆ?"

"ನಿಂಗೆ ಕೇಳ್ಸಲ್ಲ ಬಿಡು. ಕಿವಿಗೂ ವಯಸ್ಸಾಯ್ತು."

ಎನೆಯ್ದಾಳಿಗೆ ಮೈಯೆಲ್ಲ ಉರಿಯಿತು. "ಹಾಗಾದ್ರೆ ನಿಮ್ಮ ಎಳೇ ಕಿವೀನ ಗೋಡೆ ಕಡೆ ತಿರುಗಿಸಿ! ಯಾವುದು ಯಾವ ತಂತಿ ಅಂತ ನೋಡ್ದೇ ಹೇಳಿ."

ಪಕ್ಕದ ಮನೆಯ ಫಾನಿ ಸದ್ದು ಸಮ ಮಾಡಿ, ಎರಡೂ ತಂತಿಯಲ್ಲಿ ಒಂದೇ ಹಾಡು ಹಾಕಿದಳು. "ಇದೇ ನಂದು!" ಎಂದು ಲಿಸಿಮಾಕೊ ಚಿಟಿಕೆ ಹೊಡೆದರು. ಅದು ಎನೆಯ್ದಾಳ ಮಾಮೂಲಿ ತಂತಿ. ಮತ್ತೆ ಹಾಕಿಸಿದರು, ಮತ್ತೆ ತಪ್ಪಿದರು. "ಇವತ್ತು ಕರೆಂಟೇ ಸರಿಯಿಲ್ಲ" ಎನ್ನುತ್ತ ಸುರುಳಿ ಎತ್ತಿಕೊಂಡು ಹೊರಟರು. ನಿಯಮ ಮಾತ್ರ ಉಳಿಯಿತು.

ಮುಂದಿನ ಭಾನುವಾರ ಸಂಘದವರು ಯಾರೂ ಬರಲಿಲ್ಲ; ಎನೆಯ್ದಾಳ ಕುರ್ಚಿಗಳೆಲ್ಲ ಖಾಲಿ. "ನಾನ್ಯಾಕೆ ಬಾಗಿಲು ಹಾಕ್ಕೊಂಡು ಕೂರ್ಲಿ?" ಎಂದವಳೇ ಫಾನಿಯನ್ನು ಕರೆದು ಸ್ಪೀಕರು, ಆಂಪ್ಲಿಫೈಯರುಗಳನ್ನು ಬೀದಿಗೆ ಸಾಗಿಸಿದಳು. ರೆಕಾರ್ಡು ತಿರುಗುವ ಪೆಟ್ಟಿಗೆ ನಡುಮನೆಯಲ್ಲೇ ಉಳಿಯಿತು. ಉದ್ದನೆಯ ಮಾಮೂಲಿ ತಂತಿಯೊಂದು ಫ್ರಿಜ್ಜಿನ ಪಕ್ಕದಲ್ಲಿ ಹಾದು ಹೊರಗೆ ಬಂತು. ಹಾಡಿನ ಅಡಿಯಲ್ಲಿ ಗುಂಯ್ ಎಂದಿತು.

ಅವಳು ನೆಟ್ಟಗೆ ಲಿಸಿಮಾಕೊ ಮನೆಗೆ ನಡೆದಳು. "ಆ ತಂತಿ ಕೊಡಿ."

"ಸೋಲು ಒಪ್ಕೊಂಡ್ಯಾ?"

"ಯಾವ ಸೋಲು? ಉದ್ದಕ್ಕೆ ಎಳೆದ್ರೆ ಬೇಕು, ಗೇಣುದ್ದಕ್ಕೆ ಬೇಡ. ಅವತ್ತು ಹೇಳಿದ್ದೂ ಅದೇ. ಕೊಡ್ತೀರೋ, ಆ ಗುಂಯ್ ಸದ್ದಿಗೇ ಬೀದೀನ ಕುಣಿಸ್ಲೋ?"

ಅವರು ಕೊಟ್ಟರು; ಹಿಂದೆಯೇ ಬಂದರು ಕೂಡ. ಎರಡೂ ಪೆಟ್ಟಿಗೆಗಳ ಹಿಂದೆ, ಆ ಪರೀಕ್ಷೆಯ ದಿನ ಬಿಟ್ಟರೆ ಖಾಲಿಯೇ ಇದ್ದ ಮೂರು ತೂತಿನ ಜಾಗಕ್ಕೆ ಅವಳು ತಂತಿ ಸಿಕ್ಕಿಸಿದಳು. ಗುಂಯ್ ನಿಂತಿತು.

"ನಿಯಮ ತೆಗೀಲಾ?" ಎಂದರು ಲಿಸಿಮಾಕೊ, ಮೆಲ್ಲಗೆ.

"ಅದು ನಿಮ್ಮ ತಲೆನೋವು" ಎಂದು ಅವಳು ಹಾಡಿನ ಸದ್ದು ಏರಿಸಿದಳು. ಸಂಘದ ಅರ್ಧ ಜನ ಆಗಲೇ ಬೀದಿಯ ತಿರುವಿನಲ್ಲಿ ಕುಣಿಯುತ್ತ ಬರುತ್ತಿದ್ದರು.