ಹಾಲಿನ ಸೊಸೈಟಿಯ ಚೇಚಿ

ಚೇಚಿಯ ಮುಂಗೈಗೆ ಯಾವಾಗಲೂ ರಬ್ಬರ್ ಹಾಲಿನ ಎಳೆಗಳು ಒಣಗಿ ಅಂಟಿಕೊಂಡಿರುತ್ತಿದ್ದವು. ಬೆಳಗ್ಗೆ ರಬ್ಬರ್ ಮರಗಳ ಟ್ಯಾಪಿಂಗ್ ಮುಗಿಸಿ, ಸೀರೆ ಬದಲಿಸಿ, ಸೊಸೈಟಿಗೆ ಬಂದು ಕೂತವರು ಎದುರಿನವರ ಮಾತು ಕೇಳುತ್ತ ಆ ಎಳೆಗಳನ್ನು ಒಂದೊಂದಾಗಿ ಕೀಳುತ್ತಿದ್ದರು. ಕಿತ್ತದ್ದನ್ನು ಬೆರಳ ತುದಿಯಲ್ಲಿ ಹೊಸೆದು ಉಂಡೆ ಮಾಡುತ್ತಿದ್ದರು. ಮೀಟಿಂಗ್ ಉದ್ದ ಹೋದಷ್ಟೂ ಉಂಡೆ ದೊಡ್ಡದಾಗುತ್ತಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಇವರಿಗೆ ನಮ್ಮ ಮಾತಿನ ಮೇಲೆ ಗಮನವೇ ಇಲ್ಲ ಎಂದುಕೊಂಡಿದ್ದೆ. ಇತರರು ಮಾತಾಡುವಾಗ ನಡುವೆ ಬಾಯಿ ಹಾಕದೆ ಇರಲು ಅವರು ಕಂಡುಕೊಂಡಿದ್ದ ಉಪಾಯ ಅದು ಎಂದು ತಿಳಿಯಲು ಬಹಳ ದಿನ ಬೇಕಾಯಿತು.

ಚೇಚಿ ಎಂದರೆ ಮಲಯಾಳದಲ್ಲಿ ಅಕ್ಕ. ಅವರ ಅಪ್ಪ ಅಮ್ಮ ಕೇರಳದಿಂದ ಬಂದು ನೆಲ್ಯಾಡಿಯ ಕಡೆ ಜಾಗ ಮಾಡಿ ನೆಲೆಸಿದವರು. ಮದುವೆಯಾಗಿ ಕಡಬದ ಒಳಗಿನ ಈ ಊರಿಗೆ ಬಂದ ಅವರು, ನಾನು ಕಾಣುವ ಹೊತ್ತಿಗೆ ಇಲ್ಲಿನ ಮಹಿಳಾ ಹಾಲಿನ ಸೊಸೈಟಿಯ ಅಧ್ಯಕ್ಷರಾಗಿದ್ದರು. ತುಳು ಮಾತಾಡುವವರಿಗೂ ಬ್ಯಾರಿ ಮಾತಾಡುವವರಿಗೂ ಅವರು ಚೇಚಿಯೇ. ತಮಗಿಂತ ಹಿರಿಯರಿಗೂ ಚೇಚಿಯೇ.

ನಾನು ಸವಣೂರಿನವಳು. ಪುತ್ತೂರಿನಲ್ಲಿ ಬಿ.ಕಾಂ. ಮುಗಿಸಿ ಆ ಸೊಸೈಟಿಯ ಕಾರ್ಯದರ್ಶಿಯಾಗಿ ಸೇರಿದೆ. ಹಾಲು ಅಳೆಯುವುದು, ಪರೀಕ್ಷೆ ಮಾಡುವುದು, ಲೆಕ್ಕ ಬರೆಯುವುದು ಎಲ್ಲ ಬರುತ್ತಿತ್ತು. ಮನುಷ್ಯರ ಜೊತೆ ಮಾತಾಡಲು ಬರುತ್ತಿರಲಿಲ್ಲ. ನಿನ್ನೆಗಿಂತ ಇವತ್ತು ಫ್ಯಾಟ್ ಕಡಿಮೆ ಹೇಗೆ ಬಂತು ಎಂದು ಯಾರಾದರೂ ದನಿ ಎತ್ತಿದರೆ ಸಾಕು, ನನ್ನ ಕಣ್ಣು ತುಂಬುತ್ತಿತ್ತು.

ಆಗ ಸೊಸೈಟಿ ಇದ್ದದ್ದು ಒಂದು ಬಾಡಿಗೆ ಕೋಣೆಯಲ್ಲಿ. ತಗಡಿನ ಮಾಡು, ಮಳೆಗಾಲದಲ್ಲಿ ಒಳಗೂ ಮಳೆ. ಸ್ವಂತ ಕಟ್ಟಡ ಕಟ್ಟುವ ತೀರ್ಮಾನವಾದಾಗ, ಉಸ್ತುವಾರಿ ಯಾರದು ಎಂಬ ಪ್ರಶ್ನೆಯನ್ನು ಯಾರೂ ಕೇಳಲೇ ಇಲ್ಲ. ಚೇಚಿ ಇದ್ದಾರಲ್ಲ ಎಂದು ಎಲ್ಲರೂ ನಿಶ್ಚಿಂತೆಯಿಂದಿದ್ದರು. ಚೇಚಿ ಎದ್ದು ನಿಂತು, "ಕಟ್ಟಡದ ಕೆಲಸ ಪೂರ್ತಿ ಕಾರ್ಯದರ್ಶಿ ನೋಡಿಕೊಳ್ತಾರೆ" ಎಂದುಬಿಟ್ಟರು. ನಾಲ್ಕು ಜನರ ಎದುರಿನಲ್ಲಿ ಅವರು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಉಳಿದವರೂ ಕಾರ್ಯದರ್ಶಿ ಎಂದೇ ಕರೆಯಲಿ ಎಂದು.

ಮೀಟಿಂಗ್ ಮುಗಿದ ಮೇಲೆ ಅವರ ಹಿಂದೆ ಓಡಿದೆ. "ಚೇಚಿ, ನನ್ನಿಂದ ಆಗ್ಲಿಕ್ಕಿಲ್ಲ."

"ಆಗ್ಲಿಕ್ಕಿಲ್ಲ ಅಂತ ನನಗೂ ಗೊತ್ತುಂಟು ಮಾರಾಯ್ತಿ. ಅದಕ್ಕೇ ಕೊಟ್ಟದ್ದು. ಆಗುವವರಿಗೆ ಕೊಟ್ರೆ ಅವರು ಮಾಡ್ತಾರೆ, ಮುಗೀತದೆ. ಅದರಲ್ಲಿ ಎಂತ ಉಂಟು?"

ಪುತ್ತೂರಿನಲ್ಲಿ ನಾಯಕತ್ವ ಮತ್ತು ಯೋಜನಾ ನಿರ್ವಹಣೆಯ ಬಗ್ಗೆ ತರಬೇತಿಯೊಂದಿತ್ತು. ನನ್ನನ್ನು ಕಳಿಸಿದರು. ಯಾವ ಕೆಲಸದ ಹಿಂದೆ ಯಾವುದು, ಯಾವ ವಾರ ಯಾವುದು ಎಂದು ಗೀಟು ಹಾಕಿ ತೋರಿಸುವ ಪಟ್ಟಿಯನ್ನು ಅಲ್ಲಿ ಕಲಿತು ಬಂದೆ. ಚೇಚಿ ಅದನ್ನು ಗೋಡೆಗೆ ಅಂಟಿಸಲು ಹೇಳಿ, ಕನ್ನಡಕ ಹಾಕಿಕೊಂಡು ಉದ್ದಕ್ಕೂ ಓದಿದರು. ತುಂಬ ಮೆಚ್ಚಿದರು. ಆಮೇಲೆ ಪಟ್ಟಿಯ ಒಂದು ವಾರದ ಸಾಲಿಗೆ ಬೆರಳಿಟ್ಟರು. "ಇದರಲ್ಲಿ ಮೇಸ್ತ್ರಿಯ ಕುಟುಂಬದ ಭೂತಕೋಲ ಇಲ್ಲ ಅಲ್ಲವಾ? ಆ ವಾರ ಅವ ಬರ್ಲಿಕ್ಕಿಲ್ಲ. ಕೆಲಸ ಬರೆಯುವಾಗ ಆ ಕೆಲಸದವನ ಮನೆಯಲ್ಲಿ ಎಂತ ಉಂಟು ಅಂತಲೂ ಕೇಳಬೇಕು." ನಾನು ಮೇಸ್ತ್ರಿಯ ಮನೆಗೆ ಹೋಗಿ ಕೇಳಿದೆ. ನೀರು ಹೊರುವ ಹೆಂಗಸರ ಮನೆಗಳಿಗೂ ಹೋದೆ. ಪಟ್ಟಿಯನ್ನು ಹೊಸದಾಗಿ ಬರೆದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, "ಈಗ ಇದು ನಮ್ಮ ಊರಿನ ಪಟ್ಟಿ ಆಯ್ತು" ಎಂದರು.

ನಮ್ಮ ಉಪಾಧ್ಯಕ್ಷೆ ಸುಳ್ಯದ ಕಡೆಯಿಂದ ಮದುವೆಯಾಗಿ ಬಂದ, ಅರೆಭಾಷೆಯ ದೊಡ್ಡ ಕೃಷಿಕರ ಮನೆಯವರು. ಮೊನ್ನೆ ಬಂದ ಹುಡುಗಿಯ ಕೈಗೆ ಕೆಲಸ ಕೊಟ್ಟದ್ದು ಅವರಿಗೆ ಹಿಡಿಸಲಿಲ್ಲ. ಹಾಲು ಕಳಿಸುತ್ತಿದ್ದರು, ತಾವು ಬರುತ್ತಿರಲಿಲ್ಲ. ಸಭೆಗೆ ಬರದವರಿಗೆ ನೋಟೀಸು ಕಳಿಸಬಹುದು ಎಂದು ನಾನು ನಿಯಮ ಹೇಳಿದೆ.

"ನೋಟೀಸು ಕಳಿಸಿದ್ರೆ ಅವರು ಬರ್ತಾರೆ, ಅವರ ಮನಸ್ಸು ಬರ್ಲಿಕ್ಕಿಲ್ಲ. ನೀನು ಒಮ್ಮೆ ಮನೆಗೆ ಹೋಗು. ಕಟ್ಟಡದ ಸುದ್ದಿ ಮಾತ್ರ ತೆಗೆಯಬೇಡ" ಎಂದರು ಚೇಚಿ.

ಹೋದ ಹೊತ್ತಿಗೆ ಅವರ ಕೊಟ್ಟಿಗೆಯಲ್ಲಿ ಕಡಸೊಂದು ಮೊದಲ ಕರು ಹಾಕುತ್ತಿತ್ತು. ಕೂರಿ ಎನ್ನಲಿಲ್ಲ, ಹೋಗಿ ಎನ್ನಲೂ ಇಲ್ಲ. ನಾನು ಚೂಡಿದಾರದ ಶಾಲು ಸೊಂಟಕ್ಕೆ ಕಟ್ಟಿ ಅವರ ಜೊತೆ ಕರುವನ್ನು ಎಳೆದೆ, ಬೈಹುಲ್ಲಿನಿಂದ ಅದರ ಮೈ ಒರೆಸಿದೆ. ಕೈ ತೊಳೆದು ಚಹಾ ಕುಡಿದು ಹೊರಟಾಗ ಅವರೇ ಮೆಟ್ಟಿಲ ತನಕ ಬಂದು ಕೇಳಿದರು, "ಕೆಂಪುಕಲ್ಲು ಬಂತಾ?" ಮರುದಿನ ಲಾರಿಯಿಂದ ಇಳಿಯುವ ಕಲ್ಲುಗಳ ಪಕ್ಕದಲ್ಲಿ ಅವರು ನಿಂತಿದ್ದರು. ಒಡೆದದ್ದನ್ನು ಬೇರೆ ತೆಗೆಸುತ್ತಿದ್ದರು.

ತಾರಸಿಗೆ ಕಾಂಕ್ರೀಟ್ ಹಾಕುವ ದಿನವನ್ನು ನಾನು ಮರೆಯಲಾರೆ. ಸೆಂಟ್ರಿಂಗ್ ಮುಗಿದಿತ್ತು, ಮಿಕ್ಸರ್ ಬಂದು ನಿಂತಿತ್ತು, ಶ್ರಮದಾನಕ್ಕೆ ಸದಸ್ಯರೂ ಅವರ ಗಂಡಂದಿರೂ ಸೇರಿದ್ದರು, ಒಂದು ಮೂಲೆಯಲ್ಲಿ ಗಂಜಿ ಬೇಯುತ್ತಿತ್ತು. ಆಗ ಘಟ್ಟದ ಕಡೆಯಿಂದ ಕಪ್ಪು ಮೋಡ ಎದ್ದಿತು.

"ಹಾಕುದಾ, ಬೇಡ್ವಾ? ಈಗಲೇ ಹೇಳಿ ಮಾರಾಯ್ರೆ. ಒಮ್ಮೆ ಶುರು ಮಾಡಿದ್ರೆ ನಡುವಿನಲ್ಲಿ ನಿಲ್ಲಿಸ್ಲಿಕ್ಕಿಲ್ಲ" ಎಂದ ಮೇಸ್ತ್ರಿ.

ನಾನು ಚೇಚಿಯನ್ನು ನೋಡಿದೆ. ಅವರು ತಲೆ ತಗ್ಗಿಸಿ ಮುಂಗೈಯ ಎಳೆ ಕೀಳುತ್ತಿದ್ದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ಇವತ್ತು ಬೇಡ" ಎಂದೆ.

ಮೋಡ ಒಂದು ಹನಿಯನ್ನೂ ಉದುರಿಸದೆ ಸುಬ್ರಹ್ಮಣ್ಯದ ಕಡೆಗೆ ಜಾರಿಹೋಯಿತು. ಆಮೇಲೆ ಸುಡುಬಿಸಿಲು. ಗಂಜಿ ಉಣ್ಣುತ್ತ ಜನ ಗೊಣಗಲು ತೊಡಗಿದರು. ಕೂಲಿ ಬಿಟ್ಟು ಬಂದವರಿದ್ದರು, ಅವರ ಸಿಟ್ಟು ಸುಳ್ಳಲ್ಲ. "ಮಕ್ಕಳ ಕೈಗೆ ಕೆಲಸ ಕೊಟ್ರೆ ಹೀಗೇ ಆಗುದು" ಎಂದು ಒಬ್ಬರು ಗಟ್ಟಿಯಾಗಿಯೇ ಹೇಳಿದರು.

ಚೇಚಿ ತಟ್ಟೆ ಕೆಳಗಿಟ್ಟರು. "ಬೇಡ ಅಂತ ಹೇಳಿದ್ದು ನಾನು. ಕಾರ್ಯದರ್ಶಿ ನನ್ನ ಮಾತು ಕೇಳಿದ್ರು, ಅಷ್ಟೆ. ಬೈಯುದಿದ್ರೆ ನನಗೆ ಬೈಯಿರಿ."

ಜನ ಚದುರಿದ ಮೇಲೆ ನಾನು ಹತ್ತಿರ ಹೋದೆ. "ನೀವು ಹೇಳಿರ್ಲಿಲ್ಲ ಅಲ್ವಾ ಚೇಚಿ?"

"ಬೋರ್ಡಿನಲ್ಲಿ ಅಧ್ಯಕ್ಷರು ಅಂತ ಹೆಸರು ಬರೆಸುದು ಮತ್ತೆಂತಕ್ಕೆ? ಸರಿಯಾದ್ರೆ ನಿನ್ನದು, ತಪ್ಪಿದ್ರೆ ನನ್ನದು. ಅಳಬೇಡ. ನಾಳೆಗೆ ಮಿಕ್ಸರ್ ಸಿಗ್ತದಾ ಅಂತ ಫೋನು ಮಾಡು."

ಈಗ ಬೇರೆ ಊರುಗಳ ಸೊಸೈಟಿಗೆ ಹೊಸದಾಗಿ ಸೇರಿದವರಿಗೆ ಪಾಠ ಹೇಳಲು ನನ್ನನ್ನು ಕರೆಯುತ್ತಾರೆ. ಅಲ್ಲಿ ಈ ದಿನದ ಕಥೆಯನ್ನು ತಪ್ಪದೆ ಹೇಳುತ್ತೇನೆ. ಇದರ ಮುಂದಿನದನ್ನು ಯಾರಿಗೂ ಹೇಳುವುದಿಲ್ಲ.

ಗೋಡೆಯ ಸಾರಣೆ ಒಣಗುತ್ತಿದ್ದ ದಿನಗಳು. ಟ್ಯಾಪಿಂಗಿಗೆ ಹೋದ ಚೇಚಿ ಎಷ್ಟು ಹೊತ್ತಾದರೂ ಮರಳಲಿಲ್ಲ. ಗಂಡ ಹುಡುಕಿಕೊಂಡು ಹೋದಾಗ ರಬ್ಬರ್ ಮರವೊಂದಕ್ಕೆ ಒರಗಿ ಕೂತಿದ್ದರಂತೆ, ಬಾಯಿ ಒಂದು ಕಡೆಗೆ ಜಗ್ಗಿತ್ತಂತೆ. ಪುತ್ತೂರಿಗೆ, ಅಲ್ಲಿಂದ ಮಂಗಳೂರಿಗೆ ಕರೆದುಕೊಂಡು ಹೋದರು. ಪಕ್ಷವಾತ. ಬಲಗೈ ಬಲಗಾಲು ಸ್ವಾಧೀನ ತಪ್ಪಿ, ಜೀವ ಉಳಿಸಿಕೊಂಡು ಮನೆಗೆ ಬಂದರು.

ನೋಡಲು ಹೋದ ದಿನ, ಬಾಗಿಲಲ್ಲಿ ನನ್ನನ್ನು ಕಂಡದ್ದೇ ಅವರು "ಮೋಳೇ" ಎಂದರು. ಮಗಳೇ ಎಂದು ಅದರ ಅರ್ಥ. ಅದುವರೆಗೆ ಅವರು ನನ್ನನ್ನು ಹಾಗೆ ಕರೆದವರಲ್ಲ. ನಾನು ಮಂಚದ ಬಳಿ ಕುಸಿದು ಕೂತು ಅವರ ಕೈಯನ್ನು ಕೆನ್ನೆಗೆ ಒತ್ತಿಕೊಂಡೆ. ಅಷ್ಟರಲ್ಲಿ ವ್ಯಾಯಾಮ ಮಾಡಿಸುವ ಗಂಡಸು ಬಂದ. ಚೇಚಿ ಅವನಿಗೂ "ಮೋಳೇ" ಎಂದರು. ನೀರು ಬೇಕೆಂದು ಲೋಟ ತೋರಿಸುತ್ತ "ಮೋಳೇ" ಎಂದರು. ನೊಣ ಓಡಿಸುವಾಗಲೂ ಅದೇ.

"ಎಲ್ಲದಕ್ಕೂ ಅದೊಂದೇ" ಎಂದರು ಅವರ ಗಂಡ. "ಕನ್ನಡ ಹೋಯ್ತು, ತುಳು ಹೋಯ್ತು, ನಮ್ಮ ಮಲಯಾಳವೂ ಹೋಯ್ತು. ನನಗೂ ಮೋಳೇ ಅಂತ ಹೇಳುದು." ನಗಲು ನೋಡಿದರು, ಆಗಲಿಲ್ಲ. ಲೋಟ ತೆಗೆದುಕೊಂಡು ಒಳಗೆ ಹೋದರು.

ಕಟ್ಟಡ ಸಿದ್ಧವಾಯಿತು. ಚೇಚಿ ಎದ್ದು ಬರಲಿ, ಅವರ ಕೈಯಲ್ಲೇ ಬಾಗಿಲು ತೆರೆಸುವ ಎಂದು ನಾನು ಹಟ ಹಿಡಿದೆ. ಎಲ್ಲರೂ ಒಪ್ಪಿದರು. ಮಳೆ ಹಿಡಿಯಿತು. ಹಳೆಯ ಕೋಣೆಯಲ್ಲಿ ಹಾಲಿನ ಕ್ಯಾನಿನ ಮೇಲೆ ಪ್ಲಾಸ್ಟಿಕ್ ಹೊದೆಸಿ ಕೆಲಸ ಮಾಡಿದೆವು. ಒಂದು ಸಂಜೆ ಪರೀಕ್ಷೆಯ ಮೆಷಿನ್ನಿಗೆ ನೀರಿಳಿದು, ಅದನ್ನು ಸರಿಸಲು ಹೋದ ಉಪಾಧ್ಯಕ್ಷೆಗೆ ಶಾಕ್ ಹೊಡೆಯಿತು. ಅವರು ಗೋಡೆಗೆ ಹೋಗಿ ಬಿದ್ದರು. ಪುಣ್ಯಕ್ಕೆ ಹೆಚ್ಚೇನೂ ಆಗಲಿಲ್ಲ. ಇನ್ನು ಕಾಯುವಂತಿರಲಿಲ್ಲ.

ಮರುದಿನ ಚೇಚಿಯ ಹತ್ತಿರ ಹೋದೆ. ನಡೆದದ್ದನ್ನೆಲ್ಲ ಹೇಳಿ ಕೇಳಿದೆ, "ಎಂತ ಮಾಡುದು ಚೇಚಿ? ನೀವು ಬರುವವರೆಗೆ ಕಾಯುದಾ, ಶುರು ಮಾಡುದಾ?"

ಅವರು ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡರು. ಕಣ್ಣಲ್ಲಿ ಕಣ್ಣಿಟ್ಟು ಮಾತಾಡಲು ತೊಡಗಿದರು. ಮೀಟಿಂಗಿನಲ್ಲಿ ಮಾತಾಡುತ್ತಿದ್ದ ಅದೇ ಏರಿಳಿತ. ಎಲ್ಲಿ ತಡೆದು ನಿಲ್ಲುತ್ತಿದ್ದರೋ ಅಲ್ಲಿ ನಿಂತರು, ಎಲ್ಲಿ ಒತ್ತಿ ಹೇಳುತ್ತಿದ್ದರೋ ಅಲ್ಲಿ ಒತ್ತಿದರು. ನಡುವೆ ಪ್ರಶ್ನೆ ಕೇಳುವ ಹಾಗೆ ದನಿ ಮೇಲಕ್ಕೆ ಹೋಯಿತು. ಕಾರಣ ಕೊಟ್ಟರು, ಎಚ್ಚರಿಕೆ ಹೇಳಿದರು, ಕೊನೆಗೆ ಸಮಾಧಾನ ಮಾಡುವ ಹಾಗೆ ದನಿ ಇಳಿಸಿದರು. ಎಲ್ಲವೂ ಇತ್ತು. ಇದ್ದ ಶಬ್ದ ಮಾತ್ರ ಒಂದೇ. ಮೋಳೇ, ಮೋಳೇ, ಮೋಳೇ.

ನನಗೆ ಒಂದೂ ಅರ್ಥವಾಗಲಿಲ್ಲ. ಅವರ ಗಂಡನ ಕಡೆ ನೋಡಿದೆ. ತಮಗೂ ತಿಳಿಯಲಿಲ್ಲ ಎಂದು ಅವರು ತಲೆಯಾಡಿಸಿದರು. ತಾವು ಆಡಿದ್ದು ನಮ್ಮನ್ನು ತಲುಪಲಿಲ್ಲ ಎಂಬುದು ಚೇಚಿಗೆ ನನ್ನ ಮುಖದಿಂದಲೇ ತಿಳಿಯಿತು. ಮಣಿಕಟ್ಟು ಬಿಟ್ಟರು. ಮೆಲ್ಲನೆ ಗೋಡೆಯ ಕಡೆಗೆ ತಿರುಗಿ ಮಲಗಿದರು.



ಹೊಸ ಕಟ್ಟಡದಲ್ಲಿ ಹಾಲು ತೆಗೆದುಕೊಳ್ಳಲು ಆ ವಾರವೇ ಶುರು ಮಾಡಿದೆವು. ಸಭೆಯಿಲ್ಲ, ಅತಿಥಿಗಳಿಲ್ಲ. ಉಪಾಧ್ಯಕ್ಷೆ ಒಂದು ದೀಪ ಹಚ್ಚಿದರು. ಸಾಲಿನಲ್ಲಿ ನಿಂತಿದ್ದವರೊಬ್ಬರು, "ಚೇಚಿ ಇರುವಾಗ ಬಾಲದ ಹಾಗೆ ಹಿಂದೆ ತಿರುಗಿದ್ದು. ಅವರು ಬಿದ್ದದ್ದೇ, ಕಾಯ್ಲಿಕ್ಕೂ ಪುರುಸೊತ್ತಿಲ್ಲ" ಎಂದರು. ನನಗೆ ಕೇಳಲಿ ಎಂದೇ ಹೇಳಿದ ಮಾತು. ನಾನು ಅವರ ಹಾಲನ್ನು ಅಳೆದು ರಶೀದಿ ಕೊಟ್ಟೆ. ಆಗ ಕಣ್ಣಲ್ಲಿ ನೀರು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

ಮಳೆ ಬಿಟ್ಟ ಮೇಲೆ ಒಂದು ದಿನ ಅವರ ಗಂಡ ರಿಕ್ಷಾದಲ್ಲಿ ಚೇಚಿಯನ್ನು ಕರೆತಂದರು. ನಾವೆಲ್ಲ ಓಡಿದೆವು, ಕುರ್ಚಿ ತಂದೆವು. ಎತ್ತಿ ಒಳಗೆ ಕರೆದುಕೊಂಡು ಹೋಗುತ್ತೇವೆ ಎಂದರೆ ಅವರು ಬೇಡವೆಂದು ತಲೆಯಾಡಿಸಿದರು. ರಿಕ್ಷಾದೊಳಗಿಂದಲೇ ಕಟ್ಟಡವನ್ನು ಬುಡದಿಂದ ಮಾಡಿನ ತನಕ ನೋಡಿದರು. ನನ್ನನ್ನೂ ನೋಡಿದರು. ಏನೂ ಹೇಳಲಿಲ್ಲ, ಆ ಒಂದು ಶಬ್ದವನ್ನೂ. ಬೇಸರವಿತ್ತೇ, ಸಂತೋಷವಾಯಿತೇ, ನನಗೆ ಇವತ್ತಿಗೂ ತಿಳಿಯದು. ಬಹಳ ಕಾಲ ನಾನು ಅವರ ಗಂಡನನ್ನು ಕೇಳುತ್ತಿದ್ದೆ. ಅವರಿಗೂ ತಿಳಿಯದು.

ಕ್ರಿಸ್ಮಸ್ ಆದ ಮೇಲೆ ಎರಡನೆಯ ಸಲ ಪಕ್ಷವಾತ ಬಡಿಯಿತು. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ತೀರಿಕೊಂಡರು.

ಮಣ್ಣು ಮಾಡುವ ದಿನ ಮಧ್ಯಾಹ್ನದ ಮೇಲೆ ಚರ್ಚಿನಲ್ಲಿ ಸೇರಬೇಕಿತ್ತು, ಸಂಜೆಯ ಹಾಲನ್ನೂ ತೆಗೆದುಕೊಳ್ಳಬೇಕಿತ್ತು. ಹಾಲು ಒಯ್ಯುವ ವ್ಯಾನಿನವರಿಗೆ ಫೋನು ಮಾಡಿ ತಡವಾಗಿ ಬರಲು ಕೇಳಿಕೊಂಡೆ. ನಡೆಯಲಾಗದ ಹಿರಿಯರಿಗೆ ಜೀಪು ಗೊತ್ತು ಮಾಡಿದೆ. ಹೂವಿನ ಕೆಲಸ ಒಬ್ಬರಿಗೆ, ಕುಡಿಯುವ ನೀರಿನದು ಇನ್ನೊಬ್ಬರಿಗೆ. ಯಾವುದೂ ತಪ್ಪಲಿಲ್ಲ. ಎಲ್ಲವನ್ನೂ ಹಂಚಿ ಮುಗಿಸಿ ಸಮಾಧಿಯ ಅಂಚಿಗೆ ಬಂದು ನಿಂತಾಗ ನನ್ನ ಕೈಯಲ್ಲಿ ಕೆಲಸವೇ ಉಳಿದಿರಲಿಲ್ಲ. ಉಪಾಧ್ಯಕ್ಷೆ ನನ್ನ ತೋಳು ಹಿಡಿದುಕೊಂಡರು. ಹಿಡಿ ಮಣ್ಣು ಹಾಕುವಾಗಲೂ ಅವರು ಬಿಡದೆ ಹಿಡಿದಿದ್ದರು.

ಮರಳಿ ಬಂದು ಸೊಸೈಟಿಯ ಬಾಗಿಲು ತೆರೆದೆ. ಒಬ್ಬೊಬ್ಬರಾಗಿ ಹಾಲು ತಂದರು. ಸಾಲು ಮುಗಿಯುತ್ತ ಬಂದಾಗ ಚೇಚಿಯ ಗಂಡ ಕ್ಯಾನು ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಚರ್ಚಿಗೆ ಉಟ್ಟಿದ್ದ ಅದೇ ಬಿಳಿ ಮುಂಡು, ತುದಿಗೆ ಸಗಣಿ ತಾಗಿತ್ತು. ಹೆಂಗಸರು ದಾರಿ ಬಿಟ್ಟರು.

"ಇವತ್ತು ತರಬೇಕಂತ ಇರ್ಲಿಲ್ಲ" ಎಂದೆ.

"ದನಕ್ಕೆ ಹೇಳಿದ್ರೆ ಗೊತ್ತಾಗುದಾ? ಕರೆಯದೆ ಬಿಟ್ರೆ ಅದಕ್ಕೆ ನೋವು" ಎಂದರು. ಹಾಲು ಸುರಿದ ಮೇಲೂ ಹೊರಡಲಿಲ್ಲ. ಖಾಲಿ ಕ್ಯಾನನ್ನು ಎದೆಗೆ ಒತ್ತಿಕೊಂಡು ಜಗಲಿಯ ಬೆಂಚನ್ನು ನೋಡಿದರು. "ಮನೆಯಲ್ಲಿ ಯಾರೂ ಇಲ್ಲ. ಇಲ್ಲಿ ಸ್ವಲ್ಪ ಕೂರ್ತೇನೆ. ಆಗಬಹುದಾ?"

ನಾನು ಅಳತೆಯ ಪಾತ್ರೆಯನ್ನು ಉಪಾಧ್ಯಕ್ಷೆಯ ಕೈಗೆ ಕೊಟ್ಟೆ. ಅವರು ನನ್ನ ಜಾಗಕ್ಕೆ ಬಂದು ನಿಂತರು. ಹೊರಗೆ ಹೋಗಿ ಬೆಂಚಿನಲ್ಲಿ ಚೇಚಿಯ ಗಂಡನ ಪಕ್ಕ ಕೂತೆ. ವ್ಯಾನು ಬಂತು, ಕ್ಯಾನುಗಳನ್ನು ತುಂಬಿಸಿಕೊಂಡು ಹೋಯಿತು. ಅವರು ಏಳಲಿಲ್ಲ. ನಾನೂ ಏಳಲಿಲ್ಲ.