ಡಿಸ್‌ಚಾರ್ಜ್‌ಗೆ ನಾನು ಹೇಳಿದ ಅರ್ಥ

ಅರವತ್ತರ ದಶಕದ ನಡುವಿನ ಮಾತು. ನಾನಾಗ ಹೊಸನಗರದಲ್ಲಿ ಹೈಸ್ಕೂಲು ಓದುತ್ತಿದ್ದೆ. ನಮ್ಮ ಬೀದಿಯಲ್ಲಿ ಇಂಗ್ಲಿಷ್ ಓದಲು ಬರುತ್ತಿದ್ದುದು ನನಗೊಬ್ಬಳಿಗೇ. ಆ ಜಂಬ ಸಾಕಷ್ಟಿತ್ತು. ಬೆಂಕಿಪೊಟ್ಟಣದ ಮೇಲಿದ್ದುದನ್ನೂ ಸೋಪಿನ ಕಾಗದದ ಮೇಲಿದ್ದುದನ್ನೂ ಕೇಳದವರಿಗೂ ಓದಿ ಹೇಳುತ್ತಿದ್ದೆ.

ಪಕ್ಕದ ಮನೆಯಲ್ಲಿ ಒಬ್ಬ ದರ್ಜಿ ಮತ್ತು ಅವರ ಹೆಂಡತಿ ಇದ್ದರು. ಆಕೆಯನ್ನು ನಾನು ಅತ್ತೆ ಎನ್ನುತ್ತಿದ್ದೆ. ಒಮ್ಮೆ ದರ್ಜಿಗೆ ಹೊಟ್ಟೆನೋವು ಜೋರಾಗಿ, ಅವರ ತಮ್ಮ ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ದ. ಆಪರೇಷನ್ ಆಯಿತೆಂದು ಒಂದು ಕಾರ್ಡು ಬಂತು. ಆಮೇಲೆ ಎರಡು ವಾರ ಸುದ್ದಿಯೇ ಇಲ್ಲ. ಹೊಲಿಗೆ ಯಂತ್ರಕ್ಕೆ ಹಳೆಯ ಪಂಚೆ ಹೊದಿಸಿ ಅತ್ತೆ ಜಗಲಿಯಲ್ಲಿ ಅಂಚೆಯವನ ದಾರಿ ಕಾಯುತ್ತಿದ್ದರು.

ಒಂದು ಶನಿವಾರ ಮಧ್ಯಾಹ್ನ ಟೆಲಿಗ್ರಾಂ ಬಂತು. ಟೆಲಿಗ್ರಾಂ ಎಂದರೆ ಕೆಟ್ಟ ಸುದ್ದಿಯೇ ಎಂದು ಎಲ್ಲರೂ ನಂಬಿದ್ದ ಕಾಲ. ಅತ್ತೆ ಅದನ್ನು ಹಿಡಿದು ಓಡಿ ಬಂದರು.

“ಎಂತ ಬರ್ದಿದ್ದಾರೆ, ಬೇಗ ನೋಡೇ.”

‘ಡಿಸ್‌ಚಾರ್ಜ್ಡ್ ಟುಡೇ ಕಮಿಂಗ್ ಟುಮಾರೋ.’ ಇವತ್ತು ಏನೋ ಆಗಿದೆ, ನಾಳೆ ಬರುತ್ತಾರೆ ಎನ್ನುವಷ್ಟು ತಿಳಿಯಿತು. ಮೊದಲ ಪದ ನಾನು ಎಲ್ಲೂ ಕಂಡದ್ದಲ್ಲ. ಆದರೆ ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಮುಂದೆ ‘ಡಿಸ್’ ಸೇರಿದರೆ ಅರ್ಥ ತಿರುವುಮುರುವಾಗುತ್ತದೆ ಎಂದು ಇಂಗ್ಲಿಷ್ ಮೇಷ್ಟ್ರು ಆ ವಾರವಷ್ಟೇ ಹೇಳಿಕೊಟ್ಟಿದ್ದರು. ಹೊಸ ಹೆಡ್ಮಾಸ್ತರು ಬಂದಾಗ ‘ಚಾರ್ಜ್ ತಗೊಂಡ್ರು’ ಎಂಬ ಮಾತು ಕೇಳಿದ್ದೆ. ಎರಡನ್ನೂ ಕೂಡಿಸಿದೆ.

“ಆಸ್ಪತ್ರೆಯವ್ರು ಜವಾಬ್ದಾರಿ ಬಿಟ್ರಂತೆ ಅತ್ತೆ. ನಾಳೆ ಮನೆಗೆ ಕರ್ಕೊಂಡು ಬರ್ತಾರಂತೆ.”

ಅತ್ತೆ ಅಲ್ಲೇ ಕುಸಿದು ಕೂತರು. “ಹಂಗಾರೆ ಕೈಬಿಟ್ರಾ?”

ಬೀದಿಗೆ ಬೀದಿಯೇ ಸೇರಿತು. ಯಾರೋ ಇನ್ನೊಂದ್ಸಲ ಓದು ಎಂದರು. ನಾನು ಇನ್ನೊಂದು ಸಲವೂ ಅದೇ ಅರ್ಥ ಹೇಳಿದೆ, ಮೊದಲಿಗಿಂತ ಗಟ್ಟಿಯಾಗಿ.

ಮರುದಿನ ತೀರ್ಥಹಳ್ಳಿ ಕಡೆಯ ಬಸ್ಸು ಬರುವ ಹೊತ್ತಿಗೆ ನಾಲ್ಕು ಜನ ಗಂಡಸರು ರೋಗಿಯನ್ನು ಹೊತ್ತು ತರಲು ಕಂಬಳಿ ಹಿಡಿದು ಹೋದರು. ದರ್ಜಿ ತಾವೇ ಬಸ್ಸಿನಿಂದ ಮೆಲ್ಲಗೆ ಇಳಿದು, ಕಂಬಳಿ ನೋಡಿ, “ಯಾರಿಗೆ ಎಂತ ಆಯ್ತು?” ಎಂದು ಅವರನ್ನೇ ಕೇಳಿದರಂತೆ. ನಡೆದು ಬರುತ್ತಿದ್ದ ಗಂಡನನ್ನು ಕಂಡು ಅತ್ತೆ ನಗುತ್ತಲೇ ಅತ್ತರು. ಕಿಟಕಿಯಿಂದ ನೋಡುತ್ತಿದ್ದ ನಾನು ಹಿತ್ತಲಿಗೆ ಓಡಿ, ಸೌದೆ ಕೊಟ್ಟಿಗೆಯ ಹಿಂದೆ ಅಡಗಿದೆ.

ಸೋಮವಾರ ಮೇಷ್ಟ್ರಿಗೆ ಎಲ್ಲ ಹೇಳಿಬಿಟ್ಟೆ. ಅವರು ನಗಲಿಲ್ಲ. ಡಿಕ್ಷನರಿ ತೆಗೆದು, ಗುಣವಾದವರನ್ನು ಮನೆಗೆ ಕಳಿಸುವುದಕ್ಕೂ ಅದೇ ಪದ ಎಂದು ತೋರಿಸಿದರು. “ಊಹೆ ಮಾಡಿದ್ದು ತಪ್ಪಲ್ಲ ತಂಗಿ. ಊಹೆ ಅಂತ ಹೇಳ್ದೆ ಇದ್ದಿದ್ದು ತಪ್ಪು” ಎಂದರು.

ಒಂದು ವಾರ ಅತ್ತೆಯ ಕಣ್ಣಿಗೆ ಬೀಳದೆ ತಿರುಗಿದೆ. ಕೊನೆಗೆ ಅವರೇ ಔಷಧಿಯ ಬಾಟಲಿ ಹಿಡಿದು ನಮ್ಮ ಮನೆಗೆ ಬಂದು, ಅದರ ಚೀಟಿ ಓದಲು ನನ್ನನ್ನೇ ಕರೆದರು. ನನಗೆ ನಂಬಲಾಗಲಿಲ್ಲ. ಓದಿದೆ.

“ಅತ್ತೆ, ಇದ್ರಲ್ಲಿ ಒಂದು ಪದ ನಂಗೆ ಗೊತ್ತಿಲ್ಲ. ನಾಳೆ ಮೇಷ್ಟ್ರನ್ನ ಕೇಳ್ಕೊಂಡು ಬರ್ತೀನಿ.”

“ಕೇಳ್ಕೊಂಡೇ ಬಾ ಮಾರಾಯ್ತಿ, ಅವಸರ ಎಂತ ಇಲ್ಲ” ಎಂದು ಬಾಟಲಿಗೆ ಅಂಟಿಸಿದ್ದ ಚೀಟಿಯನ್ನು ಬಿಡಿಸಿ ನನ್ನ ಕೈಗೇ ಕೊಟ್ಟರು.

ಆ ಬೀದಿಯಲ್ಲಿ ಈಗ ಇಂಗ್ಲಿಷ್ ಬಾರದ ಮನೆಯಿಲ್ಲ. ನನ್ನ ತಪ್ಪು ಅರ್ಥವನ್ನು ನಂಬಿ ಅಷ್ಟು ಜನ ಕಣ್ಣೊರೆಸಿಕೊಂಡ ಆ ಮಧ್ಯಾಹ್ನ ನೆನಪಾದರೆ ನನಗೆ ನಾಚಿಕೆಗಿಂತ ಹೆಚ್ಚಾಗಿ ಅವರ ಮೇಲೆ ಪ್ರೀತಿಯೇ ಬರುತ್ತದೆ.