ಕಾಂದೇ ನವಮಿಯ ಫ್ರೆಂಚ್ ಸೂಪು

೨೦೨೫ರ ಜುಲೈ ನಾಲ್ಕು, ಶುಕ್ರವಾರ, ಆಷಾಢ ಶುದ್ಧ ನವಮಿ. ಆಧಾರ: ನಮ್ಮ ಡೊಂಬಿವಲಿಯ ಅಡುಗೆಮನೆಯ ಮರಾಠಿ ಗೋಡೆ ಕ್ಯಾಲೆಂಡರು. ಊರಿನ ಪಂಚಾಂಗದೊಡನೆಯೂ ತಾಳೆ ನೋಡಿದ್ದೇನೆ. ಈ ದಿನಕ್ಕೆ ಇಲ್ಲಿ ಕಾಂದೇ ನವಮಿ, ಅಂದರೆ ನೀರುಳ್ಳಿ ನವಮಿ, ಎಂದು ಹೆಸರು. ಏಕಾದಶಿಯಿಂದ ನಾಲ್ಕು ತಿಂಗಳು ನೀರುಳ್ಳಿ ಬಿಡುವ ಭಕ್ತರು ಅದಕ್ಕೆ ಮುನ್ನ ಹೊಟ್ಟೆ ಬಿರಿಯುವಷ್ಟು ನೀರುಳ್ಳಿ ತಿನ್ನುವ ದಿನ. ವೈರಾಗ್ಯಕ್ಕೆ ಇಷ್ಟು ಪ್ರಾಮಾಣಿಕವಾದ ಪೀಠಿಕೆಯನ್ನು ನಾನು ಬೇರಾವ ಶಾಸ್ತ್ರದಲ್ಲಿಯೂ ಕಂಡಿಲ್ಲ.

ಉಡುಪಿಯವಳಾದ ನನ್ನ ಹೆಂಡತಿ ಈ ವ್ರತವನ್ನು ನೆರೆಮನೆಯವರಿಂದ ಕಲಿತವಳು. ನಾಡಿದ್ದು ಏಕಾದಶಿಯಿಂದ ನಮ್ಮ ಅಡುಗೆಮನೆಗೂ ನೀರುಳ್ಳಿ ಬರುವಂತಿರಲಿಲ್ಲ, ಹಾಗಾಗಿ ನನ್ನ ಪ್ರಯೋಗಕ್ಕೆ ಮುಹೂರ್ತ ಮೀರುತ್ತಿತ್ತು.

ಪ್ರಯೋಗ ನಡೆಯಬೇಕಾದದ್ದು ಎರಡೂವರೆ ವರ್ಷದ ಅವಳಿ ಮೊಮ್ಮಕ್ಕಳ ಮೇಲೆ. ಬಿಸ್ಕತ್ತು ಮತ್ತು ಗಾಳಿ, ಇವೆರಡೇ ಅವರ ಆಹಾರ. ದೀರ್ಘ ರಜೆ ಮುಗಿಸಿ ಸೋಮವಾರ ಕೆಲಸಕ್ಕೆ ಮರಳಬೇಕಿದ್ದ ಸೊಸೆ ಶ್ವೇತಾ, "ಇವು ಹೀಗೇ ಉಪವಾಸ ಕೂತ್ರೆ ನಾನು ರಾಜೀನಾಮೆ ಕೊಡ್ತೇನೆ" ಎಂದಿದ್ದಳು. ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು. "ನಮ್ಮ ಸುಧೀರ ಈ ವಯಸ್ಸಿನಲ್ಲಿ ಹಾಗಲಕಾಯಿಯನ್ನೂ ಬಿಡುತ್ತಿರಲಿಲ್ಲ" ಎಂದು ಮಗನ ಬಗ್ಗೆ ನೂರನೆಯ ಬಾರಿ ಹೇಳಿದೆ.

"ಹಾಗಾದ್ರೆ ಮಾವ, ಇವತ್ತು ನೀವೇ ತಿನ್ನಿಸಿ."

ನಾನು ಆರಿಸಿದ್ದು ಫ್ರೆಂಚರ ನೀರುಳ್ಳಿ ಸೂಪು. ಅದನ್ನು ಹಸಿದ ರಾಜನೊಬ್ಬ ಬೇಟೆಯ ಬಿಡಾರದಲ್ಲಿ ತಾನೇ ಕುದಿಸಿದನಂತೆ. ಆ ರಾಜ ಫ್ರಾನ್ಸಿನ ದೊರೆಯೋ, ಅವನಿಗೆ ಹೆಣ್ಣು ಕೊಟ್ಟ ಇನ್ನೊಬ್ಬ ರಾಜನೋ ಎಂಬಲ್ಲಿ ಆಧಾರಗಳು ಒಮ್ಮತಕ್ಕೆ ಬರುವುದಿಲ್ಲ. ಅಡುಗೆ ಕೆಟ್ಟಿದ್ದರೆ ಹೆಸರು ಖಚಿತವಾಗಿ ಉಳಿಯುತ್ತಿತ್ತೆಂದು ನನ್ನ ಊಹೆ. ನೀರುಳ್ಳಿಯನ್ನು ಬೆಣ್ಣೆಯಲ್ಲಿ ಒಂದು ಗಂಟೆ ಬಾಡಿಸಿದೆ. ಮಾಂಸದ ರಸಕ್ಕೆ ಬದಲು ಬೇಳೆಕಟ್ಟು, ವೈನಿಗೆ ಬದಲು ಪುನರ್ಪುಳಿಯ ಕೆಂಪು ಹುಳಿರಸ, ಬ್ರೆಡ್ಡಿಗೆ ಬದಲು ಪಾವ್, ಮೇಲೆ ಚೀಸು.

ಹೆಂಡತಿ ಇಣುಕಿದಳು. "ಇದು ನೀರುಳ್ಳಿ ಸಾರಲ್ವಾ ಮಾರಾಯ್ರೆ? ಇದಕ್ಕೆ ಇಷ್ಟು ಪುಸ್ತಕ ಯಾಕೆ?"

ಬಟ್ಟಲು ಎದುರಿಗೆ ಬಂದಾಗ ಮೊಮ್ಮಗಳು "ನಕೋ" ಎಂದು ಮರಾಠಿಯಲ್ಲೇ ಬೇಡವೆಂದಳು. ಮೊಮ್ಮಗ ಅಷ್ಟು ಸಂಯಮಿಯಲ್ಲ. ಚೀಸನ್ನು ಎಳೆದು ನನ್ನ ಕನ್ನಡಕಕ್ಕೆ ಅಂಟಿಸಿದ. ರಾಜನ ಕಥೆ ಹೇಳಿದೆ, ವಿಮಾನದಂತೆ ಚಮಚ ಹಾರಿಸಿದೆ. ಮುಕ್ಕಾಲು ಗಂಟೆಯಲ್ಲಿ ಒಳಗೆ ಹೋದ ಚಮಚ ಸೊನ್ನೆ. ಶ್ವೇತಾ ಲ್ಯಾಪ್‌ಟಾಪು ತೆರೆದು ಪತ್ರ ಬರೆಯತೊಡಗಿದಳು. ಯಾವ ಪತ್ರವೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ದೋಷ ಸೂಪಿನದಲ್ಲ, ಈ ಪೀಳಿಗೆಯದು ಎಂದು ಸಾಧಿಸಲು ಕಪಾಟಿನಿಂದ ಸುಧೀರನ ಬಾಲ್ಯದ ವೈದ್ಯಕೀಯ ಕಡತ ತೆಗೆದೆ. ಅವನಿಗೆ ಎರಡೂವರೆ ವರ್ಷವಾಗಿದ್ದಾಗಿನ ಹಾಳೆ ಸಿಕ್ಕಿತು. ಮಕ್ಕಳ ವೈದ್ಯರ ಇಂಗ್ಲಿಷನ್ನು ಯಥಾವತ್ತಾಗಿ ಕನ್ನಡಿಸಿದ್ದೇನೆ: "ಮಗು ಏನನ್ನೂ ತಿನ್ನುವುದಿಲ್ಲವೆಂದು ದೂರು. ತೂಕ ಸರಿಯಾಗಿದೆ. ಔಷಧ ಬೇಡ. ಊಟದ ಹೊತ್ತಿಗೆ ತಂದೆ ಹೊರಗೆ ತಿರುಗಾಡಿ ಬರಲಿ."

ಬೇರೆ ಮಗುವಿನ ಹಾಳೆ ಸೇರಿಕೊಂಡಿರಬಹುದೆಂದು ಹೆಸರನ್ನೂ ತಾರೀಖನ್ನೂ ಎರಡು ಬಾರಿ ಪರಿಶೀಲಿಸಿದೆ. ಸೇರಿರಲಿಲ್ಲ. ಅಡಗಿಸಿಡುವ ಆಸೆಯೂ ಆಯಿತು. ಆದರೆ ಜೀವಮಾನವಿಡೀ ಇತರರ ಆಧಾರಗಳನ್ನು ಕೆದಕಿದವನಿಗೆ ಅಷ್ಟು ಸ್ವಾತಂತ್ರ್ಯವಿರುವುದಿಲ್ಲ. ಹಾಳೆಯನ್ನು ಸೊಸೆಯ ಕೈಗೆ ಕೊಟ್ಟೆ.

ಅವಳು ಓದಿದಳು, ಮತ್ತೊಮ್ಮೆ, ಗಟ್ಟಿಯಾಗಿ, ಅತ್ತೆಗೆ ಕೇಳುವಂತೆ ಓದಿದಳು. ನಗು ನಿಂತ ಮೇಲೆ ಲ್ಯಾಪ್‌ಟಾಪು ಮುಚ್ಚಿದಳು.

"ಸೋಮವಾರ ಸ್ಟೇಷನ್‌ವರೆಗೆ ನನ್ನ ಜೊತೆ ನಡ್ಕೊಂಡು ಬನ್ನಿ ಮಾವ. ಮಕ್ಕಳು ಅಷ್ಟರಲ್ಲಿ ತಿಂಡಿ ತಿಂದಿರ್ತಾವೆ."

ಹೋಗಿ ಬಂದೆ. ತಿಂದಿದ್ದವು. ಹಾಗಲಕಾಯಿಯ ವಿಷಯದಲ್ಲಿ ನನ್ನ ನೆನಪು ಈಗಲೂ ಅಚಲ. ದಾಖಲೆ ಮಾತ್ರ ಅದಕ್ಕೆ ವಿರುದ್ಧವಾಗಿದೆ.